ಜ್ವರದ ಮ್ಯಾಚು

ಆಗಸ್ಟ್ 24, ಭಾನುವಾರ

ಇವತ್ತು ಗೆದ್ದೆವು. ಆದರೆ ಗೆದ್ದ ದಿನವೂ ಜಗಳವಾಡದೆ ಮನೆಗೆ ಹೋಗುವ ಯೋಗ ನಮ್ಮ ಕಟ್ಟೆಯವರಿಗಿಲ್ಲ.

ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಕಲ್ಲು ಮೆಟ್ಟಿಲಿಗೆ ಕಟ್ಟೆ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅಲ್ಲಿ ಕೂರುವವರಲ್ಲಿ ಅರ್ಧ ಜನ ಆ ಕಾಲೇಜಿನಲ್ಲಿ ಓದಿದವರು. ಇನ್ನರ್ಧ ಜನಕ್ಕೆ ಓದಿಗೂ ತಮಗೂ ಸಂಬಂಧವಿಲ್ಲ, ಆದರೆ ಜಯನಗರದಲ್ಲಿ ಚೆಂಡು ಪುಟಿದ ಸದ್ದಾದರೆ ಬಂದು ಕೂರುತ್ತಾರೆ. ಎಲ್ಲರಿಗೂ ಯಜಮಾನರು ಚಿಕ್ಕಬೈರಪ್ಪ ಅಂಕಲ್. ಒಂದು ಕಾಲದಲ್ಲಿ ನಮ್ಮ ಕೋಣನಕುಂಟೆಯಲ್ಲೇ ಸೊಪ್ಪು ಬೆಳೆದು ತೂಗಿ ಮಾರುತ್ತಿದ್ದವರು, ಈಗ ಅದೇ ಹೊಲದ ಮೇಲೆ ಬಾಡಿಗೆ ಮನೆ ಕಟ್ಟಿಸಿಕೊಂಡು ಆರಾಮಾಗಿದ್ದಾರೆ. ತೂಗುವ ಚಟ ಮಾತ್ರ ಬಿಟ್ಟಿಲ್ಲ. ಮ್ಯಾಚು ಮುಗಿದ ಮೇಲೆ ಎರಡೂ ಅಂಗೈ ಚಾಚಿ ಕೂರುತ್ತಾರೆ. ಬಲಗೈ ಹಳೆಯ ಆಟಗಾರನಿಗೆ, ಎಡಗೈ ಈಗಿನವನಿಗೆ. ಒಬ್ಬೊಬ್ಬರು ಒಂದೊಂದು ಮಾತನ್ನು ಕಲ್ಲಿನಂತೆ ಹಾಕಬೇಕು. ಮಾತಿಗೆ ತೂಕವಿದ್ದರೆ ಆ ಕೈ ಇಳಿಯುತ್ತದೆ.

ಇವತ್ತು ಬಲಗೈಯಲ್ಲಿ ನಮ್ಮ ಸುಭಾಷಣ್ಣ, ಎಡಗೈಯಲ್ಲಿ ತಮ್ಮ ಸಿದ್ದು. ಒಂದೇ ಮನೆಯ ಇಬ್ಬರನ್ನು ತೂಗುವುದೆಂದರೆ ಕಟ್ಟೆಗೆ ಹಬ್ಬ. ರಮ್ಯ ಎಂಬ ಹುಡುಗಿಯೊಬ್ಬಳಿದ್ದಾಳೆ, ಸಿದ್ದುವಿನ ಕ್ಲಾಸಿನವಳು. ಅವಳು ಸಿದ್ದು ಹಾಕಿದ ಪಾಯಿಂಟನ್ನೆಲ್ಲ ಒಂದೊಂದಾಗಿ ಎಡಗೈಗೆ ಸುರಿದಳು. ನನ್ನ ಕಡೆ ತಿರುಗಿ, "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ ಅಕ್ಕ, ಹಂಗಾಯ್ತು ನಿಮ್ ಕಥೆ" ಎಂದು ಬೇರೆ ಹೇಳಿದಳು. ಎಡಗೈ ಇಳಿಯುತ್ತಾ ಬಂತು. ನನಗೆ ತಡೆಯಲಾಗಲಿಲ್ಲ. ಒಂದೇ ಮಾತು ಹಾಕಿದೆ: ಜ್ವರ.

ಅಷ್ಟು ಸಾಕು. ಅಂಕಲ್ ಬಲಗೈ ಮೆಟ್ಟಿಲು ಮುಟ್ಟಿತು. 2012ರ ಫೈನಲ್ಲನ್ನು ಅಣ್ಣ ಮೈ ಸುಡುವ ಜ್ವರದಲ್ಲಿ ಆಡಿದ, ಕೊನೆಯ ಗಳಿಗೆಯಲ್ಲಿ ಬಾಸ್ಕೆಟ್ ಹಾಕಿ ಗೆಲ್ಲಿಸಿದ. ಕಟ್ಟೆಯಲ್ಲಿ ಅದಕ್ಕೆ ಜ್ವರದ ಮ್ಯಾಚು ಎಂದೇ ಹೆಸರು. ಆ ಕಲ್ಲಿಗೆ ಸಮನಾದ ಕಲ್ಲು ಇನ್ನೂ ಹುಟ್ಟಿಲ್ಲ.

ಎದ್ದು ಹೊರಟಾಗ ಸಿದ್ದು ಹಿಂದೆಯೇ ನಿಂತಿದ್ದ, ಬೆವರು ಕೂಡ ಒರೆಸಿಕೊಂಡಿರಲಿಲ್ಲ. ಎಲ್ಲಾ ಕೇಳಿಸಿಕೊಂಡನೋ ಏನೋ. ಕೇಳಿಸಿಕೊಳ್ಳಲಿ. ಸತ್ಯ ಕೇಳಿದರೆ ಯಾರೂ ಸವೆಯುವುದಿಲ್ಲ.

ಆಗಸ್ಟ್ 26, ಮಂಗಳವಾರ

ಸಿದ್ದು ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾನೆ. ಅಮ್ಮ ಏನಾಯಿತೋ ಎಂದರೆ ಏನಿಲ್ಲ ಎನ್ನುತ್ತಾನೆ. ನಾನು ಕೇಳಲಿಲ್ಲ.

ನಮ್ಮ ಮನೆಯಲ್ಲಿ ಏನಿಲ್ಲ ಎನ್ನುವುದಕ್ಕೆ ತುಂಬಾ ಜಾಗವಿದೆ. ಬಾಬಾಸಾಹೇಬರ ಪಟದ ಪಕ್ಕ ಅಣ್ಣನ ಪಟವಿದೆ. ಅಮ್ಮ ದಿನಾ ಒರೆಸುತ್ತಾಳೆ, ಆದರೆ ಅವನ ಹೆಸರೆತ್ತುವಂತಿಲ್ಲ. ಎತ್ತಿದರೆ ಅವಳು ಊಟ ಬಿಡುತ್ತಾಳೆ. ಅಪ್ಪ ಆಟೋ ತೆಗೆದುಕೊಂಡು ಹೊರಟುಬಿಡುತ್ತಾನೆ. ಫೈನಲ್ ಆಡಿದ ವಾರದೊಳಗೆ ಡೆಂಗಿಯಲ್ಲಿ ಹೋದ ಹುಡುಗ ಅವನು, ಹತ್ತೊಂಬತ್ತು ವರ್ಷ. ಆಗ ನನಗೆ ಹದಿನೇಳು. ಸಿದ್ದು ಪುಟ್ಟವನು, ಮೂರನೇ ಕ್ಲಾಸು.

ಮನೆಯಲ್ಲಿ ಅಣ್ಣನ ಸಾವು ಮಾತ್ರ ಇದೆ, ಆಟವಿಲ್ಲ. ಕಟ್ಟೆಯಲ್ಲಿ ಆಟ ಮಾತ್ರ ಇದೆ, ಸಾವಿಲ್ಲ. ಮೆಡಿಕಲ್ ಶಾಪಿನಲ್ಲಿ ದಿನವಿಡೀ ನಿಂತು ಕಾಲು ಬಿದ್ದುಹೋದರೂ ನಾನು ಅಲ್ಲಿಗೆ ಹೋಗುವುದು ಅದಕ್ಕೇ. ಅಲ್ಲಿ ಯಾರಾದರೊಬ್ಬರು ದಿನಕ್ಕೊಮ್ಮೆ ಸುಭಾಷ್ ಎನ್ನುತ್ತಾರೆ. ನಾನು ಆ ಫೈನಲ್ ನೋಡಿದವಳಲ್ಲ, ಅವತ್ತು ನನಗೆ ಪರೀಕ್ಷೆಯಿತ್ತು. ಕಟ್ಟೆಯವರ ಬಾಯಲ್ಲಿ ಕೇಳಿ ಕೇಳಿಯೇ ನೋಡಿದ ಹಾಗಾಗಿದೆ.

ಆಗಸ್ಟ್ 31, ಭಾನುವಾರ

ಕ್ವಾರ್ಟರ್ ಫೈನಲ್ ಗೆದ್ದೆವು. ಸಿದ್ದು ಇವತ್ತು ಹುಚ್ಚು ಹಿಡಿದವನಂತೆ ಆಡಿದ. ಬಿದ್ದ ಚೆಂಡಿಗೆಲ್ಲ ಹಾರಿ, ಮೊಣಕೈ ತರಚಿಕೊಂಡು, ಎದುರಾಳಿಗೂ ಭಯವಾಗುವಂತೆ. ಅಣ್ಣ ಹೀಗೆ ಆಡುತ್ತಿರಲಿಲ್ಲ ಎಂದು ಕಟ್ಟೆಯಲ್ಲಿ ಹೇಳಿದೆ. ಅಣ್ಣನ ಆಟದಲ್ಲಿ ಗಡಿಬಿಡಿ ಇರಲಿಲ್ಲ, ನೀರು ಹರಿದ ಹಾಗಿತ್ತು. ದೀಪಕಣ್ಣ ಹೌದೆನ್ನಬಹುದು ಎಂದುಕೊಂಡೆ. ಅವರು ಅಣ್ಣನ ಜೊತೆ ಅದೇ ಫೈನಲ್ ಆಡಿದವರು, ಈಗ ಬನಶಂಕರಿಯಲ್ಲಿ ಟೈರ್ ಅಂಗಡಿ ಇಟ್ಟಿದ್ದಾರೆ. ಅವರು ಕಾಲ ಬಳಿಯ ಹುಲ್ಲು ಕೀಳುತ್ತಾ ಕೂತಿದ್ದರು, ಒಂದು ಮಾತೂ ಹಾಕಲಿಲ್ಲ.

ಅಂಗೈಗಳು ಸಮನಾಗಿ ನಿಂತವು. ಮೊದಲ ಸಲ. ರಮ್ಯ ಚಪ್ಪಾಳೆ ತಟ್ಟಿದಳು, ಬೇರೆಯವರೂ ತಟ್ಟಿದರು. ನಾನು ತಟ್ಟಲಿಲ್ಲ. ಇನ್ನೊಂದು ವರ್ಷ ಹೀಗೆಯೇ ನಡೆದರೆ ಇವರು ಸಿದ್ದು ಸಿದ್ದು ಎನ್ನುತ್ತಾರೆ. ಆಮೇಲೆ ಬೇರೆ ಯಾರೋ. ಅಣ್ಣನ ಹೆಸರು ಹೇಳುವ ಬಾಯಿ ಈ ಊರಿನಲ್ಲಿ ಎಲ್ಲಿ ಸಿಕ್ಕೀತು? ಮತ್ತೆ ಜ್ವರ ಎಂದೆ. ಬಲಗೈ ಇಳಿಯಿತು.

ಮೆಟ್ರೋದಲ್ಲಿ ಸಿದ್ದು ಪಕ್ಕದಲ್ಲೇ ಕೂತಿದ್ದ. ಬನಶಂಕರಿ ದಾಟಿದ ಮೇಲೆ ಬಾಯಿಬಿಟ್ಟ.

"ಅಕ್ಕ, ನಾನೇನ್ ಮಾಡಿದ್ರೆ ಆ ಕೈ ಈ ಕಡೆ ಬರುತ್ತೆ?"

ಅದೇನು ಅಂಥ ದೊಡ್ಡ ಕೈಯೇ, ಸೊಪ್ಪು ಮಾರಿದ ಕೈ ಎಂದು ನಗಿಸಲು ನೋಡಿದೆ. ಅವನು ನಗಲಿಲ್ಲ.

ಸೆಪ್ಟೆಂಬರ್ 6, ಶನಿವಾರ

ಸೆಮಿಫೈನಲ್ಲೂ ಆಯಿತು. ಮುಂದಿನ ಭಾನುವಾರ ಫೈನಲ್. ಹದಿಮೂರು ವರ್ಷದ ಮೇಲೆ.

ಅಮ್ಮನಿಗೆ ಅಣ್ಣ ಹೋದ ಸೆಪ್ಟೆಂಬರ್ ಬಂದಿದೆ, ಅಷ್ಟೇ. ಹೂವಿನ ಕುಂಡಗಳನ್ನು ಮಗುಚಿ ಹಾಕಿದ್ದಾಳೆ, ಡ್ರಮ್ಮಿನ ಬಾಯಿಗೆ ಸೀರೆ ಕಟ್ಟಿದ್ದಾಳೆ, ಸಂಜೆಯಾದರೆ ಬೇವಿನ ಹೊಗೆ. ಎದುರು ಮನೆಯವರು ಅಮ್ಮನನ್ನು ಕರೆದು, ಮುನಿಯಕ್ಕ, ನಿಮ್ಮ ಹೊಗೆಗೆ ಸೊಳ್ಳೆಯಲ್ಲ ನಾವೇ ಊರು ಬಿಡುತ್ತೇವೆ ಎಂದು ರೇಗಿಸಿದರು. ಅವಳಿಗೆ ನಗು ಬರಲಿಲ್ಲ. ಈ ತಿಂಗಳು ಅವಳ ಕಿವಿಗೆ ಸೊಳ್ಳೆಯ ಸದ್ದು ಬಿಟ್ಟು ಬೇರೇನೂ ಬೀಳುವುದಿಲ್ಲ. ಫೈನಲ್ ಎಂದು ನಾವಿಬ್ಬರೂ ಅವಳಿಗೆ ಹೇಳಿಲ್ಲ.

ಸೆಪ್ಟೆಂಬರ್ 10, ಬುಧವಾರ

ಸಿದ್ದುವಿಗೆ ಜ್ವರ.

ನಿನ್ನೆಯಿಂದ ಇದೆಯಂತೆ. ತಲೆನೋವು, ಕಣ್ಣಿನ ಹಿಂದೆ ಚುಚ್ಚು. ಬಟ್ಟೆ ಒಗೆಯಲು ಹಾಕೋಣವೆಂದು ಅವನ ಬ್ಯಾಗು ತೆರೆದರೆ ಮಾತ್ರೆಯ ಖಾಲಿ ಹಾಳೆಗಳು. ಜ್ವರದ ಮಾತ್ರೆ ಮಾತ್ರವಲ್ಲ, ನೋವಿನ ಮಾತ್ರೆಯೂ ಇತ್ತು. ಈ ಕಾಲದ ಜ್ವರಕ್ಕೆ ಅದನ್ನು ಕೊಡಲೇಬಾರದು, ರಕ್ತ ಒಸರುತ್ತದೆ. ಅಂಗಡಿಗೆ ಬಂದವರಿಗೆಲ್ಲ ದಿನಾ ಬಾಯಿ ನೋಯುವಷ್ಟು ಹೇಳುತ್ತೇನೆ: ಮಾತ್ರೆ ನುಂಗಿ ಸುಮ್ಮನಾಗಬೇಡಿ, ರಕ್ತ ಪರೀಕ್ಷೆ ಮಾಡಿಸಿ ಎಂದು. ನನ್ನ ಮನೆಯಲ್ಲಿ ನನ್ನ ಕಣ್ಣೆದುರಿಗೇ ಈ ಕೆಲಸ.

ಬೈದೆ. ಅವನು ಬಾಗಿಲು ಹಾಕಿ, ಅಮ್ಮನಿಗೆ ಹೇಳಬೇಡ ಎಂದು ಕೈ ಮುಗಿದ. ಅಮ್ಮನಿಗೆ ಹೇಳಿದರೆ ಏನಾಗುತ್ತದೆಂದು ನನಗೂ ಗೊತ್ತು. ಆಯಿತು ಎಂದೆ. ಬರೀ ವೈರಲ್ ಇರಬಹುದು. ಮಳೆ ಬಿಟ್ಟು ಬಿಟ್ಟು ಬರುತ್ತಿದೆ, ಅರ್ಧ ಏರಿಯಾ ಮಲಗಿದೆ. ನೋವಿನ ಮಾತ್ರೆಗಳನ್ನು ಕಸಕ್ಕೆ ಹಾಕಿದೆ. ನಾಳೆ ಪರೀಕ್ಷೆ ಮಾಡಿಸುತ್ತೇನೆ.

ಸೆಪ್ಟೆಂಬರ್ 11, ಗುರುವಾರ

ಪರೀಕ್ಷೆಗೆ ಬರಲಿಲ್ಲ. ನಾನು ಏಳುವುದರೊಳಗೆ ಪ್ರಾಕ್ಟೀಸಿಗೆ ಹೋಗಿಬಿಟ್ಟಿದ್ದ.

ಸಂಜೆ ಕಟ್ಟೆಗೆ ಹೋದರೆ ಎಲ್ಲರಿಗೂ ಗೊತ್ತಾಗಿದೆ. ಸಿದ್ದುವೇ ರಮ್ಯಳಿಗೆ ಹೇಳಿ, ಕೋಚ್ ಕಿವಿಗೆ ಮಾತ್ರ ಹಾಕಬೇಡ ಎಂದನಂತೆ. ಅವಳು ಕಟ್ಟೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾಳೆ. ಯಾರ ಮುಖದಲ್ಲೂ ಗಾಬರಿ ಇಲ್ಲ. ಸಂಭ್ರಮ. ಅಣ್ಣನ ಹಾಗೆಯೇ ತಮ್ಮ, ಫೈನಲ್ಲಿಗೆ ಸರಿಯಾಗಿ ಜ್ವರ, ಇದು ದೈವಸಂಕಲ್ಪ ಎಂದು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದಾರೆ. ಬೈರಪ್ಪ ಅಂಕಲ್ ಎರಡು ಅಂಗೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಭಾನುವಾರದವರೆಗೂ ತೂಕವಿಲ್ಲ, ಅವತ್ತೇ ತೀರ್ಮಾನ ಎಂದರು.

ಕೋರ್ಟಿನಲ್ಲಿ ಸಿದ್ದು ಓಡುತ್ತಿದ್ದ. ಮುಖ ಕೆಂಪಗೆ, ತುಟಿ ಒಣಗಿ. ನಮ್ಮ ಕಡೆ ನೋಡಿ ಹಲ್ಲು ಬಿಟ್ಟ. ಈ ತಿಂಗಳಲ್ಲಿ ಮೊದಲ ಸಲ ನಕ್ಕಿದ್ದು.

ಆಗ ನನಗೆ ಅರ್ಥವಾಯಿತು. ಇವನು ಜ್ವರವನ್ನು ಮುಚ್ಚಿಡುತ್ತಿಲ್ಲ. ಇವನಿಗೆ ಜ್ವರ ಬೇಕಾಗಿದೆ.

ಸೆಪ್ಟೆಂಬರ್ 12, ಶುಕ್ರವಾರ

ಬೇಡಿಕೊಂಡೆ. ಕಾಲು ಹಿಡಿಯುವುದೊಂದು ಬಾಕಿ. ರಕ್ತ ಕೊಡಲು ಒಂದು ನಿಮಿಷ ಸಾಕು, ನಾನೇ ಲ್ಯಾಬಿನವನನ್ನು ಮನೆಗೆ ಕರೆಸುತ್ತೇನೆ ಎಂದೆ. ಪರೀಕ್ಷೆಯಲ್ಲಿ ಏನಾದರೂ ಬಂದರೆ ಆಡಲು ಬಿಡುವುದಿಲ್ಲ, ಅದಕ್ಕೇ ಬೇಡ ಎಂದ. ಎಷ್ಟು ಸರಿಯಾಗಿ ಯೋಚಿಸಿದ್ದಾನೆ. ಮೈ ಮಾತ್ರ ಒಲೆಯ ಮೇಲಿನ ಹೆಂಚಿನ ಹಾಗೆ ಸುಡುತ್ತಿದೆ.

ಅನ್ನ ಮುಟ್ಟಲಿಲ್ಲ. ಹೊರಗೆ ತಿಂದು ಬಂದೆ ಎಂದು ಅಮ್ಮನಿಗೆ ಸುಳ್ಳು ಹೇಳಿದ. ನಾನು ಹೂಂ ಎಂದು ಸುಳ್ಳಿಗೆ ಸುಳ್ಳು ಸೇರಿಸಿದೆ.

ಇವನಿಗೆ ಏನಾದರೂ ಆದರೆ ಅಮ್ಮ ಬದುಕುವುದಿಲ್ಲ. ಅಪ್ಪನೂ.

ಸೆಪ್ಟೆಂಬರ್ 13, ಶನಿವಾರ. ಮಧ್ಯಾಹ್ನ

ಬೆಳಿಗ್ಗೆ ಸಿದ್ದು ನಗುತ್ತಾ ಎದ್ದ. ನನ್ನ ಕೈಯನ್ನು ಹಣೆಯ ಮೇಲಿಟ್ಟುಕೊಂಡು ನೋಡು, ಇಳಿದಿದೆ ಎಂದ. ನಿಜ, ತಣ್ಣಗಿತ್ತು. ಬೇರೆಯವರಾಗಿದ್ದರೆ ನೆಮ್ಮದಿಯಾಗುತ್ತಿತ್ತು. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆಯೇ ಅಪಾಯ ಶುರು ಎಂಬುದು ಮೆಡಿಕಲ್ ಶಾಪಿನಲ್ಲಿರುವ ನನಗೆ ಗೊತ್ತಿಲ್ಲವೇ? ಅಣ್ಣನಿಗೂ ಹೀಗೇ ಬಿಟ್ಟಿತ್ತು. ಅವತ್ತು ಅಮ್ಮ ಪಾಯಸ ಮಾಡಿದ್ದಳು.

ಸಿದ್ದು ಹಲ್ಲುಜ್ಜಿ ಹೋದ ಮೇಲೆ ಬಚ್ಚಲಿನಲ್ಲಿ ನೊರೆ ಕೆಂಪಗಿತ್ತು.

ಅಂಗಡಿಗೆ ರಜೆ ಹೇಳಿ ನೇರ ಕೋಚ್ ಹತ್ತಿರ ಹೋದೆ. ಹೊಸಬರು, ಒಳ್ಳೆಯವರೇ. ಎಲ್ಲಾ ಹೇಳಿದೆ. ಅವರು ಸಿದ್ದುವನ್ನು ಕರೆದು ಹಣೆ ಮುಟ್ಟಿ ನೋಡಿದರು. ತಣ್ಣಗಿದೆ. ಜ್ವರ ಬಂದಿತ್ತೇನೋ ಎಂದರು. ಅವನು ನನ್ನ ಮುಖ ನೋಡದೆ ಹೇಳಿದ:

"ಇಲ್ಲ ಸಾರ್. ಅಕ್ಕಂಗೆ ನಾನು ಅಣ್ಣನ್ನ ಮೀರಿಸೋದು ಇಷ್ಟ ಇಲ್ಲ. ಕಟ್ಟೇಲಿ ಯಾರನ್ ಬೇಕಾದ್ರೂ ಕೇಳಿ."

ಕೇಳಿದರು. ನಮ್ಮ ಕಟ್ಟೆಯವರು ಏನೆಂದಾರು? ಶಾಲಿನಿ ಯಾವತ್ತೂ ಸುಭಾಷ್ ಕಡೆಯೇ, ಜ್ವರದ ಕಲ್ಲು ಹಾಕುವುದು ಅವಳೇ ಎಂದರು. ಅದರಲ್ಲಿ ಸುಳ್ಳೇನಿದೆ? ಸಿದ್ದುವಿನ ಜ್ವರದ ಮಾತು ಯಾರೂ ಎತ್ತಲಿಲ್ಲ, ಗ್ರೂಪಿಗೆ ಹಾಕಿದ ರಮ್ಯ ಕೂಡ ತಲೆ ತಗ್ಗಿಸಿ ನಿಂತಳು, ಬಾಯಿ ಬಿಡಲಿಲ್ಲ. ಕೋಚ್ ನನಗೆ ಮೆಲ್ಲಗೆ ಬುದ್ಧಿ ಹೇಳಿದರು. ಮನೆಯ ಮಾತನ್ನು ಮನೆಯಲ್ಲಿಟ್ಟುಕೊಳ್ಳಿ ಮೇಡಂ, ನಾಳೆ ಫೈನಲ್ ಇದೆ, ಹುಡುಗನ ಮನಸ್ಸು ಕೆಡಿಸಬೇಡಿ ಎಂದರು.

ಮಾಡಿದ್ದುಣ್ಣೋ ಮಹರಾಯ. ನನ್ನ ಮಾತು ನಂಬುವವರು ಒಬ್ಬರೂ ಇಲ್ಲ. ಗೇಟಿನ ಹೊರಗೆ ನಿಂತು ಗೋಳೋ ಎಂದು ಅತ್ತೆ. ಎಳನೀರು ಮಾರುವವನು ಕೂರಲು ತನ್ನ ಸ್ಟೂಲು ಕೊಟ್ಟ.

ಈಗ ದೀಪಕಣ್ಣನ ಅಂಗಡಿಗೆ ಹೊರಟಿದ್ದೇನೆ. ಸಿದ್ದು ಕೇಳಿದರೆ ಅವರೊಬ್ಬರ ಮಾತು ಕೇಳಿಯಾನು. ಅಮ್ಮ ಅಪ್ಪನಿಗೆ ಹೇಳುವ ಧೈರ್ಯವಿಲ್ಲ, ಇನ್ಯಾರೂ ಉಳಿದಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆಯದನ್ನು ಈಗ ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ದೀಪಕಣ್ಣ ಲಾರಿಯ ಟೈರೊಂದನ್ನು ಬಿಚ್ಚಿಸುತ್ತಾ ನಿಂತಿದ್ದರು. ಸಿದ್ದುವಿಗೆ ಆಡಬೇಡವೆಂದು ಹೇಳಿ, ಜ್ವರದ ಮ್ಯಾಚು ಆಡಿದ ನಿಮ್ಮ ಮಾತಿಗೆ ಬೆಲೆ ಇದೆ ಎಂದೆ. ಅವರು ಕೈ ಒರೆಸಿಕೊಂಡರು. ಆಮೇಲೆ ಒಳಗೆ ಕರೆದು ಕೂರಿಸಿ, ನೋಡು ಶಾಲು, ಆ ಮ್ಯಾಚು ನೀನಂದುಕೊಂಡ ಹಾಗಲ್ಲ ಎಂದರು.

ಅವತ್ತು ಅಣ್ಣನ ಕೈಯಲ್ಲಿ ಚೆಂಡೇ ನಿಲ್ಲಲಿಲ್ಲವಂತೆ. ಹಾಕಿದ್ದು ಒಂದೂ ಒಳಗೆ ಹೋಗಲಿಲ್ಲವಂತೆ. ಕೊನೆಯ ಬಾಸ್ಕೆಟ್ ಹಾಕಿದ್ದು ದೀಪಕಣ್ಣ.

"ಅವನು ಹೋದ್ಮೇಲೆ ಯಾರೋ ಒಬ್ರು ಸುಭಾಷ್ ಹಾಕ್ದ ಅಂದ್ರು. ನಾನು ಅಲ್ಲ ಅನ್ಲಿಲ್ಲ. ಅವನಿಗೆ ಕೊಡೋಕೆ ನಮ್ ಹತ್ರ ಇನ್ನೇನಿತ್ತು, ಹೇಳು?"

ಬರುಬರುತ್ತಾ ಎಲ್ಲರೂ ಅದನ್ನೇ ನಂಬಿದರು. ನೋಡಿದವರೂ ನಂಬಿದರು. ಸಿದ್ದು ಆಡುವುದನ್ನು ನೋಡಿದಾಗಲೆಲ್ಲ ಹೇಳಿಬಿಡೋಣ ಎನ್ನಿಸುತ್ತಿತ್ತಂತೆ, ಕಟ್ಟೆಯಲ್ಲಿ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರಂತೆ. ಆ ಮ್ಯಾಚಿನ ವಿಡಿಯೋ ಅವರ ಬಳಿ ಇತ್ತು. ಯಾರಿಗೂ ತೋರಿಸಿರಲಿಲ್ಲ.

ಸಿದ್ದುವಿಗೆ ತೋರಿಸಿ ಎಂದೆ. ಈಗಲೇ, ನಮ್ಮ ಮನೆಗೆ ಬನ್ನಿ. ಅವರು, ಯೋಚನೆ ಮಾಡು, ಒಮ್ಮೆ ತೋರಿಸಿದ ಮೇಲೆ ಸುಭಾಷ್ ಹೆಸರಿಗೆ ಏನೂ ಉಳಿಯುವುದಿಲ್ಲ ಎಂದರು. ನನಗೆ ರೇಗಿತು. ಗಾಡಿ ತೆಗೆಯಿರಿ ಎಂದೆ.

ಸಂಜೆ ಸಿದ್ದು ನಡುಮನೆಯಲ್ಲಿ ಬ್ಯಾಗು ಜೋಡಿಸಿಕೊಳ್ಳುತ್ತಿದ್ದ. ದೀಪಕಣ್ಣನನ್ನು ಕಂಡು ಖುಷಿಯಾದ. ಫೈನಲ್ಲಿಗೆ ಮುಂಚೆ ಹುರುಪು ತುಂಬಲು ಬಂದಿದ್ದಾರೆ ಎಂದುಕೊಂಡನೇನೋ, ಫೋನಿನ ಮುಂದೆ ಮಗುವಿನ ಹಾಗೆ ಕೂತ. ಅಮ್ಮ ಎದುರು ಮನೆಗೆ ಹೋಗಿದ್ದಳು.

ಅಣ್ಣ ಕಾಣಿಸಿದ. ನಾನು ಹದಿಮೂರು ವರ್ಷದ ಮೇಲೆ ಅವನು ನಡೆಯುವುದನ್ನು ನೋಡಿದೆ. ಚೆಂಡು ಬಂತು, ಕೈಯಿಂದ ಜಾರಿತು. ಇನ್ನೊಮ್ಮೆ ಬಂತು, ಎಸೆದ, ರಿಂಗಿನ ಹತ್ತಿರವೂ ಹೋಗಲಿಲ್ಲ. ಮೂಲೆಯಲ್ಲಿ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತ. ಕಟ್ಟೆಯಿಂದ ಸುಭಾಷ್ ಸುಭಾಷ್ ಎಂದು ಕೂಗು. ಅವನು ನೆಟ್ಟಗಾಗಿ ಕೋಚ್ ಕಡೆ ತಿರುಗಿ ಒಂದು ಕೈ ಎತ್ತಿದ, ನನ್ನನ್ನು ಹೊರಗೆ ಕರೆಯಿರಿ ಎಂದು. ಕೂಗು ಇನ್ನೂ ಜೋರಾಯಿತು. ಜೊತೆಯವರಲ್ಲೊಬ್ಬ ಬಂದು ಬೆನ್ನು ತಟ್ಟಿ ಒಳಗೆ ತಳ್ಳಿದ. ಅದು ದೀಪಕಣ್ಣ. ಅಣ್ಣ ಎತ್ತಿದ ಕೈ ಇಳಿಸಿಕೊಂಡು ಮತ್ತೆ ಓಡಿದ.

ಸಿದ್ದು ಉಸಿರು ಬಿಗಿ ಹಿಡಿದು ನೋಡುತ್ತಿದ್ದ. ನಮ್ಮ ಬೆನ್ನ ಹಿಂದೆ ಅಮ್ಮ ಬಂದು ನಿಂತಿದ್ದು ಯಾರಿಗೂ ಗೊತ್ತಾಗಲಿಲ್ಲ.

"ಒಬ್ರಾದ್ರೂ ಸಾಕು ಬಾರಪ್ಪ ಅನ್ಲಿಲ್ವಾ ಅವನ್ನ?"

ದೀಪಕಣ್ಣ ಫೋನ್ ಕೆಳಗಿಟ್ಟು ಮುಖ ಮುಚ್ಚಿಕೊಂಡರು. ಅಮ್ಮ ಕೂಗಾಡಲಿಲ್ಲ, ಬೀಳಲಿಲ್ಲ. ಫೋನ್ ಎತ್ತಿಕೊಂಡು ಹತ್ತಿರ ಹಿಡಿದು ನೋಡಿದಳು. ನಾವು ಇಷ್ಟು ವರ್ಷ ಹೆದರಿದ್ದು ಇದಕ್ಕೇನಾ ಎನ್ನಿಸಿತು. ಎಷ್ಟು ಸಣ್ಣ ಹುಡುಗ, ಗಡ್ಡ ಕೂಡ ಸರಿಯಾಗಿ ಬಂದಿಲ್ಲ ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಆಮೇಲೆ ಸಿದ್ದುವಿನ ತಲೆಯ ಮೇಲೆ ಕೈಯಿಟ್ಟಳು.

"ನಿಂಗೀಗ ಅವನಿಗಿಂತ ಎರಡು ವರ್ಷ ಜಾಸ್ತಿ ಕಣೋ. ಅವನು ನಿನ್ ಮುಂದೆ ಮಗು."

ಸಿದ್ದು ಅವಳ ಹೊಟ್ಟೆಗೆ ತಲೆಯಾನಿಸಿದ. ಆಮೇಲೆ ಹೇಳಿದ:

"ಅಮ್ಮ, ನಂಗೆ ಆಗ್ತಿಲ್ಲ. ನಿಲ್ಲೋಕೂ ಆಗ್ತಿಲ್ಲ."

ಶರ್ಟಿನ ತೋಳು ಮೇಲಕ್ಕೆ ಮಡಿಸಿ ತೋರಿಸಿದ. ಮೊಣಕೈವರೆಗೂ ಕೆಂಪು ಚುಕ್ಕೆ.

ಅಪ್ಪ ಆಟೋದಲ್ಲಿ ಕೂರಿಸಿಕೊಂಡು ಹೇಗೆ ಓಡಿಸಿದನೋ. ಕನಕಪುರ ರಸ್ತೆಯ ಒಂದು ಸಿಗ್ನಲ್ಲೂ ನೋಡಲಿಲ್ಲ. ಡೆಂಗಿಯೇ. ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿದೆ. ನಾಳೆ ಆಡಿದ್ದರೆ ಎಂದು ಡಾಕ್ಟರಮ್ಮ ಮಾತು ಶುರು ಮಾಡಿ ಅಮ್ಮನ ಮುಖ ನೋಡಿ ನಿಲ್ಲಿಸಿದರು.

ಈಗ ಫೈನಲ್ ನಡೆಯುತ್ತಿರಬೇಕು. ಫೋನ್ ಸ್ವಿಚ್ ಆಫ್ ಮಾಡಿದ್ದೇನೆ.

ಸೆಪ್ಟೆಂಬರ್ 15, ಸೋಮವಾರ

ಪ್ಲೇಟ್‌ಲೆಟ್ ಇನ್ನೂ ಇಳಿಯುತ್ತಿದೆ. ಹೊಟ್ಟೆಯಲ್ಲಿ ನೀರು ತುಂಬಿದೆ ಎಂದರು. ಐಸಿಯುಗೆ ಹಾಕಿದ್ದಾರೆ. ಬುದ್ಧ ವಂದನೆ ಬಿಟ್ಟು ಬೇರೇನೂ ಬಾಯಿಗೆ ಬರುತ್ತಿಲ್ಲ, ಅದೂ ಅರ್ಧಕ್ಕೇ ಮರೆಯುತ್ತಿದೆ.

ಸಿದ್ದು, ಇರು.

ಸೆಪ್ಟೆಂಬರ್ 16, ಮಂಗಳವಾರ

ದೀಪಕಣ್ಣ ಮತ್ತು ಅವರ ಅಂಗಡಿ ಹುಡುಗರು ರಕ್ತ ಕೊಟ್ಟು ಹೋದರು. ರಮ್ಯ ಬಂದು ಕಾರಿಡಾರಿನಲ್ಲಿ ನಿಂತು ಅತ್ತಳು, ಗ್ರೂಪಿಗೆ ಹಾಕಬಾರದಿತ್ತು ಅಕ್ಕ ಎಂದು. ಅವಳಿಗೆ ಸಮಾಧಾನ ಹೇಳುವಷ್ಟು ತ್ರಾಣ ನನಗಿರಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡೆ.

ಸಿದ್ದು ಚೆಂಡು ಹಿಡಿದು ಎಡಕ್ಕೆ ವಾಲುತ್ತಾನೆ, ಎಲ್ಲರೂ ಎಡಕ್ಕೇ ಎಂದುಕೊಳ್ಳುವಾಗ ಸಟ್ಟನೆ ಬಲಕ್ಕೆ ಬರುತ್ತಾನೆ. ಅದನ್ನು ಅವನು ಯಾರಿಂದಲೂ ಕಲಿತದ್ದಲ್ಲ, ಅವನದೇ. ಗೇಣುದ್ದ ಇದ್ದಾಗ ಅಡುಗೆಮನೆಯಿಂದ ಬೆಲ್ಲ ಕದ್ದು ಅಮ್ಮನ ಕೈಗೆ ಸಿಗದೆ ಓಡುತ್ತಿದ್ದದ್ದೂ ಹಾಗೆಯೇ. ಯಾಕೋ ಇವತ್ತೆಲ್ಲ ಅದೇ ಕಣ್ಣ ಮುಂದೆ ಬರುತ್ತಿದೆ.

ಸೆಪ್ಟೆಂಬರ್ 18, ಗುರುವಾರ

ನಿನ್ನೆಯಿಂದ ಇಳಿಯುವುದು ನಿಂತಿದೆ. ಇವತ್ತು ಸ್ವಲ್ಪವೇ ಏರಿದೆಯಂತೆ. ಇನ್ನೂ ಗಟ್ಟಿಯಾಗಿ ಏನೂ ಹೇಳುವುದು ಬೇಡ ಎಂದರು ಡಾಕ್ಟರಮ್ಮ. ವಾರ್ಡಿಗೆ ತಂದಿದ್ದಾರೆ. ಅಮ್ಮ ಮಂಚದ ಪಕ್ಕ ಕೂತು ಅಣ್ಣನ ಕಥೆ ಹೇಳುತ್ತಿದ್ದಾಳೆ. ಆಟದ್ದಲ್ಲ. ಮುದ್ದೆ ನುಂಗಲು ಬರದೆ ಅಗಿದು ಅಗಿದು ಬೈಸಿಕೊಳ್ಳುತ್ತಿದ್ದದ್ದು, ಮಳೆಗೆ ಹೆದರಿ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದದ್ದು. ಸಿದ್ದು ಕಣ್ಣು ಮುಚ್ಚಿಕೊಂಡೇ ಕೇಳುತ್ತಾನೆ. ನನಗೂ ಇವೆಲ್ಲ ಮರೆತೇ ಹೋಗಿತ್ತು.

ಮಧ್ಯಾಹ್ನ ಬೈರಪ್ಪ ಅಂಕಲ್ ಬಂದರು. ಪರಂಗಿ ಎಲೆ ಜಜ್ಜಿದ ರಸವನ್ನು ಬಾಟಲಿಯಲ್ಲಿ ತಂದಿದ್ದರು. ಡಾಕ್ಟರು ಬೇಡವೆನ್ನುತ್ತಾರೆ ಎಂದೆ. ಆದರೂ ಇಟ್ಟುಕೋ ಎಂದು ಕೈಗೆ ತುರುಕಿದರು. ಹೊರಗೆ ಬೆಂಚಿನ ಮೇಲೆ ಕೂತೆವು. ಫೈನಲ್ ಸೋತೆವು ಎಂದರು. ಬಹಳ ಕಮ್ಮಿ ಪಾಯಿಂಟಿನಲ್ಲಿ. ಆಮೇಲೆ ಟವಲಿನ ತುದಿ ಹೊಸೆಯುತ್ತಾ, ಕಟ್ಟೆಯಲ್ಲಿ ಕೆಲವರು ಕೆಟ್ಟ ಮಾತಾಡುತ್ತಿದ್ದಾರೆ ಎಂದರು. ಅಣ್ಣ ಜ್ವರದಲ್ಲಿ ಆಡಿದ, ತಮ್ಮ ಜ್ವರ ಬಂತೆಂದು ಮಲಗಿದ ಎನ್ನುತ್ತಿದ್ದಾರಂತೆ. ನಾನು ಅವರ ಬಾಯಿ ಮುಚ್ಚಿಸಬೇಕು, ಏನು ಹೇಳಲಿ ಮಗಳೇ ಎಂದು ಕೇಳಿದರು.

ಮೂರು ವಾರದ ಹಿಂದೆ ಆಗಿದ್ದರೆ ನಾನೇ ಆ ಮಾತು ಆಡುತ್ತಿದ್ದೆನೋ ಏನೋ. ಈಗ ಕೋಪವೂ ಬರಲಿಲ್ಲ.

"ಅಣ್ಣನೂ ಸಾಕು ಅಂದಿದ್ದ ಅಂಕಲ್. ಕೋರ್ಟಲ್ಲಿ ನಿಂತು ಕೈ ಎತ್ತಿದ್ದ. ಯಾರೂ ಕೇಳಿಸ್ಕೊಳ್ಳಲಿಲ್ಲ. ಇವನು ಸಾಕು ಅಂದಿದ್ದು ನಮಗೆ ಕೇಳಿಸ್ತು. ಅಷ್ಟೇ ವ್ಯತ್ಯಾಸ ಅಂತ ಹೇಳಿ."

ಅಂಕಲ್ ನನ್ನ ಮುಖ ನೋಡಲಿಲ್ಲ. ಅವತ್ತು ನಾನು ಮೊದಲನೇ ಮೆಟ್ಟಿಲಲ್ಲೇ ಕೂತಿದ್ದೆ ಕಣವ್ವ, ಆ ಕೈ ನನಗೆ ಕಂಡಿತ್ತು ಎಂದರು. ಕಂಡೂ ಕೂಗಿದೆ ಎಂದರು. ಎದ್ದು ಗೋಡೆ ಹಿಡಿದುಕೊಂಡು ಮೆಲ್ಲಗೆ ಲಿಫ್ಟಿನ ಕಡೆ ಹೋದರು.

ಒಳಗೆ ಬಂದೆ. ಸಿದ್ದು ಕಣ್ಣು ಬಿಟ್ಟಿದ್ದ. ಯಾರು ಬಂದಿದ್ದು ಎಂದ. ಬೈರಪ್ಪ ಅಂಕಲ್ ಎಂದೆ. ಏನಂದರು ಎಂದು ಕೇಳುತ್ತಾನೆಂದು ಕಾದೆ. ಅವನು ಕೇಳಲಿಲ್ಲ. ಅಮ್ಮ, ಮುದ್ದೆ ನುಂಗಲು ಬರದವನು ಆಮೇಲೆ ಹೇಗೆ ಕಲಿತ ಎಂದು ಅವಳ ಕಡೆ ತಿರುಗಿದ. ಕಲಿಯಲೇ ಇಲ್ಲ ಎಂದಳು ಅಮ್ಮ. ಇಬ್ಬರೂ ನಕ್ಕರು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ, ನನ್ನ ಅಳು ಅವರಿಗೆ ಕಾಣದಿರಲಿ ಎಂದು.